ಬಾಡುವ ಔಷಧಿಗೆ ಕಾಯುವುದು

ಎಲ್ಲರಿಗೂ ನಮಸ್ಕಾರ.

ಭಾನುವಾರ ಮಧ್ಯಾಹ್ನ ಕ್ಯಾನ್ಸರ್ ಬಗ್ಗೆ ಕೇಳಲು ಇಷ್ಟು ಜನ ಬಂದಿದ್ದೀರಿ. ನಿಮ್ಮಲ್ಲಿ ಕೆಲವರ ಮನೆಯಲ್ಲೇ ಈ ಕಾಯಿಲೆ ಇದೆ ಅಂತ ನನಗೆ ಗೊತ್ತು. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ಮಾತಾಡುತ್ತೇನೆ.

ನಾನು ಡಾಕ್ಟರ್ ಅಲ್ಲ. ಇಲ್ಲಿ ಅಮೆರಿಕದ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನರ್ಸ್. ಗಂಡಸರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಒಂದು ವಿಕಿರಣ ಔಷಧಿಯ ಡೋಸ್ ಯಾರಿಗೆ ಯಾವ ದಿನ ಅಂತ ಹೊಂದಿಸುವುದು ನನ್ನ ಕೆಲಸ. 2023ರ ಮೊದಲ ಅರ್ಧ ವರ್ಷ ನನ್ನ ಮೇಜಿನ ಮೇಲೆ ಹೆಸರುಗಳಿದ್ದವು, ಡೋಸ್ ಇರಲಿಲ್ಲ. ಆ ತಿಂಗಳುಗಳಲ್ಲಿ ಕಲಿತದ್ದನ್ನು ಹೇಳಲು ಬಂದಿದ್ದೇನೆ.

ಮೊದಲು ಔಷಧಿಯ ಸ್ವಭಾವ ಹೇಳುತ್ತೇನೆ. ಅದು ಗೊತ್ತಾಗದೆ ಕೊರತೆ ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಹೆಚ್ಚಿನ ಜೀವಕೋಶಗಳ ಹೊರಮೈಯಲ್ಲಿ ಪಿಎಸ್‌ಎಂಎ ಅನ್ನುವ ಪ್ರೋಟೀನ್ ಜಾಸ್ತಿ ಇರುತ್ತದೆ. ಅದನ್ನೇ ಹುಡುಕಿ ಹೋಗಿ ಅಂಟಿಕೊಳ್ಳುವ ಒಂದು ಪುಟ್ಟ ಅಣು ಇದೆ. ಹೆಸರು ಪಿಎಸ್‌ಎಂಎ-617. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ತಯಾರಾದದ್ದು. ಅದರ ಬೆನ್ನಿಗೆ ಲುಟೀಶಿಯಂ-177 ಅನ್ನುವ ವಿಕಿರಣ ಸೂಸುವ ಲೋಹವನ್ನು ಕಟ್ಟುತ್ತಾರೆ. ರಕ್ತನಾಳಕ್ಕೆ ಕೊಟ್ಟರೆ ಅದು ಕ್ಯಾನ್ಸರ್ ಇರುವಲ್ಲಿಗೆ ಹೋಗಿ, ಒಂದೆರಡು ಮಿಲಿಮೀಟರ್ ದೂರದ ತನಕ ಒಳಗಿನಿಂದಲೇ ರೇಡಿಯೇಷನ್ ಕೊಡುತ್ತದೆ. ಇದಕ್ಕೇ ರೇಡಿಯೋಲಿಗ್ಯಾಂಡ್ ಚಿಕಿತ್ಸೆ ಅನ್ನುವುದು. ಅಮೆರಿಕದಲ್ಲಿ ಇದರ ಹೆಸರು ಪ್ಲುವಿಕ್ಟೋ. ತಯಾರಿಸುವುದು ನೊವಾರ್ಟಿಸ್. ಆರು ವಾರಕ್ಕೊಮ್ಮೆ, ಒಟ್ಟು ಆರು ಡೋಸ್ ತನಕ ಕೊಡುತ್ತಾರೆ.

ನಾನು ಹುಟ್ಟಿದ್ದು ಉಡುಪಿ ಕಡೆಯ ಶಿರ್ವದ ಹತ್ತಿರ. ಅಮ್ಮ ಮಲ್ಲಿಗೆ ಕಟ್ಟುತ್ತಿದ್ದರು. ಶಂಕರಪುರ ಮಲ್ಲಿಗೆ ನಿಮಗೆ ಗೊತ್ತಲ್ವಾ? ಬೆಳಿಗ್ಗೆ ಬೇಗ ಮೊಗ್ಗು ಕೊಯ್ಯಬೇಕು. ಬಾಳೆನಾರಿನಲ್ಲಿ ಕಟ್ಟಿ ಅಟ್ಟೆ ಮಾಡಿ ಹೊತ್ತಿಗೆ ಸರಿಯಾಗಿ ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಅವತ್ತಿನ ಹೂವಿಗೆ ಅವತ್ತಿನ ರೇಟು. ನಾಳೆ ಮದುವೆ ಇದೆ ಅಂತ ಇವತ್ತೇ ಗುಡ್ಡೆ ಹಾಕಿ ಇಡುವಂತಿಲ್ಲ. ಈ ಔಷಧಿಯೂ ಹಾಗೆಯೇ. ಲುಟೀಶಿಯಂ-177 ತನ್ನಷ್ಟಕ್ಕೆ ಕರಗುತ್ತಲೇ ಇರುತ್ತದೆ. ಆರೂವರೆ ದಿನ ಕಳೆಯುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಮುಗಿದಿರುತ್ತದೆ. ದಿನಕ್ಕೆ ಸುಮಾರು ಶೇ. 10ರಷ್ಟು ಹೋಯಿತು ಅಂತ ಇಟ್ಟುಕೊಳ್ಳಿ. ತಯಾರಾದ ಸೀಸೆಯ ಆಯಸ್ಸು 120 ಗಂಟೆ. ಅಂದರೆ ಐದೇ ದಿನ. ಅಷ್ಟರೊಳಗೆ ವಿಮಾನ, ಟ್ರಕ್ಕು, ಆಸ್ಪತ್ರೆಯ ಬಾಗಿಲು, ಕೊನೆಗೆ ರೋಗಿಯ ತೋಳು. ಗೋದಾಮು ಅನ್ನುವುದೇ ಈ ವ್ಯವಹಾರದಲ್ಲಿ ಇಲ್ಲ. ಪ್ರತಿ ಡೋಸ್ ಒಬ್ಬ ರೋಗಿಯ ಲೆಕ್ಕಕ್ಕೆ, ಒಂದು ದಿನದ ಲೆಕ್ಕಕ್ಕೆ ತಯಾರಾಗಿ ಬರುತ್ತದೆ.

ಇನ್ನು ಕೊರತೆಯ ಕಥೆ. ವಿಷನ್ ಅನ್ನುವ ದೊಡ್ಡ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 831 ಗಂಡಸರು, ಎಲ್ಲರೂ ಹಾರ್ಮೋನ್ ಮಾತ್ರೆ, ಕೀಮೋ ಎಲ್ಲ ಮುಗಿಸಿದವರು. ಈ ಚಿಕಿತ್ಸೆ ಸೇರಿಸಿದವರ ಬದುಕಿನ ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದ ಕಾಲ, 15.3 ತಿಂಗಳು, ಇಲ್ಲದವರದ್ದು 11.3. ನಾಲ್ಕು ತಿಂಗಳು ಅಷ್ಟೇನಾ ಅಂತ ಹೊರಗಿನವರು ಕೇಳುತ್ತಾರೆ. ಮಗಳ ಮದುವೆಗೆ ಮೂರು ತಿಂಗಳು ಇರುವ ಅಪ್ಪನ ಹತ್ತಿರ ಯಾರೂ ಹಾಗೆ ಕೇಳುವುದಿಲ್ಲ. 2022ರ ಮಾರ್ಚಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮೇ ತಿಂಗಳಲ್ಲೇ ಇಟಲಿಯ ಇವ್ರೆಯಾ ಮತ್ತು ನ್ಯೂಜೆರ್ಸಿಯ ಮಿಲ್‌ಬರ್ನ್ ಘಟಕಗಳಲ್ಲಿ ಗುಣಮಟ್ಟದ ಪ್ರಶ್ನೆ ಬಂದು ಕಂಪನಿ ಕೆಲವು ವಾರ ಕೆಲಸ ನಿಲ್ಲಿಸಿತು. ಮತ್ತೆ ಶುರುವಾಯಿತು. ಅಷ್ಟರಲ್ಲಿ ಬೇಡಿಕೆ ಏರಿತ್ತು. ಮಿಲ್‌ಬರ್ನಿಗೆ ಈ ಔಷಧಿ ತಯಾರಿಸಲು ಇನ್ನೂ ಒಪ್ಪಿಗೆ ಇರಲಿಲ್ಲ, ಆಗ ಇಲ್ಲಿಗೆ ಬೇಕಾದ ಪ್ಲುವಿಕ್ಟೋ ಬರುತ್ತಿದ್ದದ್ದು ಇವ್ರೆಯಾ ಒಂದರಿಂದಲೇ. ಇಡೀ ಊರಿನ ಹೂವಿಗೆ ಒಂದೇ ಗಿಡ ಇದ್ದ ಹಾಗೆ. 2023ರ ಶುರುವಿನಲ್ಲಿ ಕಂಪನಿ ಹೊಸ ರೋಗಿಗಳ ಆರ್ಡರ್ ತಡೆಹಿಡಿಯಿತು, ಈಗಾಗಲೇ ಶುರುವಾದವರಿಗೆ ಮೊದಲು ಅಂದಿತು. ಮಾರ್ಚಿನಲ್ಲಿ ಎಫ್‌ಡಿಎ ಇದನ್ನು ಕೊರತೆಯ ಪಟ್ಟಿಗೆ ಸೇರಿಸಿತು. ಏಪ್ರಿಲಿನಲ್ಲಿ ಮಿಲ್‌ಬರ್ನಿಗೂ ಪ್ಲುವಿಕ್ಟೋ ತಯಾರಿಸಲು ಒಪ್ಪಿಗೆ ಸಿಕ್ಕಿತು. ಅಕ್ಟೋಬರಿನಲ್ಲಿ ಕೊರತೆ ಮುಗಿಯಿತು ಅಂತ ಅಧಿಕೃತವಾಗಿ ಹೇಳಿದರು. 2024ರ ಜನವರಿಯಲ್ಲಿ ಇಂಡಿಯಾನಾಪೊಲಿಸ್‌ನ ದೊಡ್ಡ ಘಟಕಕ್ಕೆ ಒಪ್ಪಿಗೆ ಬಂತು.

ಘಟಕದ ಹಿಂದೆ ಇನ್ನೊಂದು ಕೊಂಡಿ ಇದೆ. ಲುಟೀಶಿಯಂ ಬರುವುದು ನ್ಯೂಕ್ಲಿಯರ್ ರಿಯಾಕ್ಟರಿನಿಂದ. ಈ ಕೆಲಸಕ್ಕೆ ಜಗತ್ತು ನೆಚ್ಚಿಕೊಂಡಿರುವ ರಿಯಾಕ್ಟರುಗಳು ಕೆಲವೇ ಕೆಲವು, ಬಹಳಷ್ಟು ನಮ್ಮ ಅಪ್ಪಂದಿರ ಕಾಲದವು. ನೆದರ್ಲೆಂಡ್ಸಿನ ಪೆಟ್ಟೆನ್‌ನದ್ದು 1961ರದ್ದು, ಮಿಸ್ಸೌರಿ ವಿಶ್ವವಿದ್ಯಾಲಯದ್ದು 1966ರದ್ದು. 2022ರ ಜನವರಿಯಲ್ಲಿ ಪೆಟ್ಟೆನ್‌ನ ತಂಪು ನೀರಿನ ವ್ಯವಸ್ಥೆಯಲ್ಲಿ ಸೋರಿಕೆ ಕಂಡು ರಿಯಾಕ್ಟರ್ ನಿಂತಾಗ, ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಆತಂಕ. ಒಂದು ಒಳ್ಳೆಯ ಸುದ್ದಿಯೂ ಇದೆ. ಅದೇ ವರ್ಷ ಕೆನಡಾದ ಒಂಟಾರಿಯೋದಲ್ಲಿ, ಮನೆಗಳಿಗೆ ಕರೆಂಟು ಕೊಡುವ ಬ್ರೂಸ್ ರಿಯಾಕ್ಟರಿನಲ್ಲೇ ಲುಟೀಶಿಯಂ ತಯಾರಿಸಲು ಶುರು ಮಾಡಿದರು.

ಇಷ್ಟು ಹಿನ್ನೆಲೆ ಸಾಕು. ನಾನು ಬಂದದ್ದು ಬೇರೆ ಮಾತು ಹೇಳಲು.

ಒಬ್ಬರು ಮಾಮ ಇದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಕರಾವಳಿಯವರೇ. ಸ್ಕ್ಯಾನಿನಲ್ಲಿ ಪಿಎಸ್‌ಎಂಎ ಚೆನ್ನಾಗಿ ಕಂಡಿತ್ತು, ಚಿಕಿತ್ಸೆಗೆ ಅರ್ಹರು ಅಂತ ಆಗಿತ್ತು, ಮೊದಲ ಡೋಸಿನ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಹೊಸಬರಿಗೆ ಇಲ್ಲ ಅಂತಾಯಿತು. ಪ್ರತಿ ಸೋಮವಾರ ಅತ್ತೆ ಫೋನ್ ಮಾಡುತ್ತಿದ್ದರು. "ನಮ್ಮವರ ನಂಬರ್ ಎಷ್ಟಕ್ಕೆ ಬಂತು ಮಾರಾಯ್ತಿ?" ನಮ್ಮ ವಿಭಾಗದವರು ಹೇಳುತ್ತಿದ್ದ ಉತ್ತರ, "ಬೇಗ ಬರುತ್ತದೆ, ಕಾಯ್ತಾ ಇರಿ." ಅವರು ಕಾದರು. ಡಾಕ್ಟರ್ ಇನ್ನೊಂದು ಕೀಮೋ ಹೇಳಿದಾಗ, "ಒಳ್ಳೆಯದೇ ಬರ್ತಾ ಇದೆಯಲ್ಲ, ಇದೆಲ್ಲ ಯಾಕೆ?" ಅಂತ ಮಾಮ ಬೇಡ ಅಂದರು. ಆರು ವಾರ ಹೋಯಿತು. ಬೆನ್ನುನೋವು ಏರಿತು, ಕ್ಯಾನ್ಸರಿನ ಏರಿಳಿತ ತೋರಿಸುವ ರಕ್ತದ ಅಂಶವಾದ ಪಿಎಸ್‌ಎ ಏರಿತು. ಆ ಆರು ವಾರಕ್ಕೆ ಕಾರಣ ಔಷಧಿಯ ಕೊರತೆ ಮಾತ್ರ ಅಲ್ಲ. ಯಾವಾಗ ಬರುತ್ತದೆ ಅಂತ ನಮಗೂ ಗೊತ್ತಿರಲಿಲ್ಲ. ಆ ಮಾತನ್ನು ನಾವು ಅವರಿಗೆ ಹೇಳಲಿಲ್ಲ. ನಾನು ಫೋನ್ ಎತ್ತಿದ ಸೋಮವಾರಗಳೂ ಅದರಲ್ಲಿ ಸೇರಿವೆ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಹಾಗಾಗಿ, ಡೋಸ್ ಇಲ್ಲ ಅಂದಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಯಾವಾಗ ಬರುತ್ತದೆ" ಅಲ್ಲ. "ಅದು ಬರುವ ತನಕ ಕ್ಯಾನ್ಸರನ್ನು ಯಾವುದು ಹಿಡಿದಿಡುತ್ತದೆ?" ಇದನ್ನು ಕೇಳಿ. ಉತ್ತರ ಸಿಗುವ ತನಕ ಕುರ್ಚಿ ಬಿಟ್ಟು ಏಳಬೇಡಿ.

ಉತ್ತರಗಳು ಇವೆ. ಕ್ಯಾಬಾಜಿಟ್ಯಾಕ್ಸೆಲ್ ಅನ್ನುವ ಕೀಮೋ ಇದೆ. ಆಸ್ಟ್ರೇಲಿಯಾದಲ್ಲಿ ಥೆರಾ-ಪಿ ಅನ್ನುವ ಅಧ್ಯಯನ ನಡೆಯಿತು. 200 ಜನರಲ್ಲಿ ಲುಟೀಶಿಯಂ ಪಿಎಸ್‌ಎಂಎಯನ್ನೂ ಕ್ಯಾಬಾಜಿಟ್ಯಾಕ್ಸೆಲನ್ನೂ ಮುಖಾಮುಖಿ ಹೋಲಿಸಿದರು. ಪಿಎಸ್‌ಎ ಅರ್ಧಕ್ಕೆ ಇಳಿದದ್ದು ಲುಟೀಶಿಯಂ ಪಡೆದ ಶೇ. 66ರಷ್ಟು ಜನರಲ್ಲಿ, ಕೀಮೋ ಪಡೆದ ಶೇ. 37ರಷ್ಟು ಜನರಲ್ಲಿ. ತೊಂದರೆಯೂ ಲುಟೀಶಿಯಂನಲ್ಲಿ ಕಡಿಮೆ. ಆದರೆ ವರ್ಷಗಳ ಮೇಲೆ ನೋಡಿದಾಗ ಎರಡೂ ಗುಂಪಿನವರು ಬದುಕಿದ ಕಾಲ ಹೆಚ್ಚುಕಡಿಮೆ ಒಂದೇ. ಇದನ್ನು ಎರಡು ಸಲ ಕೇಳಿಸಿಕೊಳ್ಳಿ. ಕಾಯುವಾಗ ಕೀಮೋ ತೆಗೆದುಕೊಂಡರೆ ನೀವು ಎರಡನೇ ದರ್ಜೆಯ ದಾರಿ ಹಿಡಿದಿರಿ ಅಂತ ಅಲ್ಲ. ಸರದಿ ಬಂದಾಗ ಲುಟೀಶಿಯಂ ಆಮೇಲೂ ಕೊಡಬಹುದು.

ಬಿಆರ್‌ಸಿಎ ಅನ್ನುವ ಜೀನ್ ಪರೀಕ್ಷೆ ಆಗಿದೆಯಾ ನೋಡಿ. ಅದರಲ್ಲಿ ದೋಷ ಇದ್ದವರಿಗೆ ಒಲಾಪಾರಿಬ್ ತರಹದ ಮಾತ್ರೆಗಳಿವೆ. ಕ್ಯಾನ್ಸರ್ ಮೂಳೆಗೆ ಮಾತ್ರ ಹೋಗಿದ್ದರೆ ರೇಡಿಯಂ-223 ಇದೆ. ಅದೂ ವಿಕಿರಣದ ಇಂಜೆಕ್ಷನ್, ಆದರೆ ಬೇರೆ ದಾರಿಯಲ್ಲಿ ಬರುತ್ತದೆ. ನೋಯುವ ಒಂದೆರಡು ಮೂಳೆಗೆ ಹೊರಗಿನಿಂದ ಕೊಡುವ ರೇಡಿಯೇಷನ್ ಇದೆ. ಕ್ಲಿನಿಕಲ್ ಟ್ರಯಲ್‌ಗಳಿಗೆ ಔಷಧಿ ಪ್ರತ್ಯೇಕವಾಗಿ ಬರುವುದುಂಟು. ಹತ್ತಿರದಲ್ಲಿ ಇದೆಯಾ ಅಂತ ಕೇಳಬೇಕು. ಯಾವುದು ನಿಮ್ಮವರಿಗೆ ಸರಿ ಅಂತ ಹೇಳಬೇಕಾದವರು ಅವರ ಕ್ಯಾನ್ಸರ್ ಡಾಕ್ಟರ್, ನಾನಲ್ಲ. ಆದರೆ ಈ ಹೆಸರುಗಳು ನಿಮ್ಮ ಬಾಯಲ್ಲಿ ಇರಲಿ.

ಎರಡನೆಯದು ಮೈ. ಸರದಿ ಬಂದ ದಿನ ಮೈ ತಯಾರಿರಬೇಕು. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕಿಡ್ನಿಯ ಕ್ರಿಯಾಟಿನಿನ್, ಇವು ಸರಿ ಇಲ್ಲದಿದ್ದರೆ ಔಷಧಿ ಬಂದರೂ ಕೊಡಲಾಗುವುದಿಲ್ಲ. ರಕ್ತಪರೀಕ್ಷೆಯ ದಿನ ತಪ್ಪಿಸಬೇಡಿ. ಹೆಸರು ಬರೆದು ಬಂದ ಸೀಸೆ ನಾಳೆಗೆ ಉಳಿಯುವುದಿಲ್ಲ. ಜ್ವರ ಬಂತು, ಕಾರು ಸಿಗಲಿಲ್ಲ ಅಂತ ಒಂದು ಡೋಸ್ ಹಾಳಾದರೆ ನೋಡಲಿಕ್ಕೆ ಆಗುವುದಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಇಬ್ಬರಿರಲಿ, ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು.

ನೋವಿನ ವಿಷಯ. ಪ್ಯಾಲಿಯೇಟಿವ್ ಕೇರ್ ಅಂದ ಕೂಡಲೇ ನಮ್ಮವರು ಹೆದರುತ್ತಾರೆ. "ಅಲ್ಲಿಗೆ ಕಳಿಸಿದರು ಅಂದರೆ ಮುಗೀತು" ಅಂತ. ಹಾಗಲ್ಲ. ನೋವು ತಗ್ಗಿಸುವುದು, ನಿದ್ದೆ, ಊಟ, ಮಲಬದ್ಧತೆ ನೋಡಿಕೊಳ್ಳುವುದು ಅವರ ಕೆಲಸ. ಚಿಕಿತ್ಸೆಯ ಜೊತೆಗೇ ನಡೆಯುತ್ತದೆ. ನೋವು ತಡೆದುಕೊಂಡು ಸುಮ್ನೆ ಮಲಗಿದ ಗಂಡಸು ನಡೆಯುವುದು ಬಿಡುತ್ತಾರೆ, ತಿನ್ನುವುದು ಬಿಡುತ್ತಾರೆ, ಕೃಶವಾಗುತ್ತಾರೆ. ಆಮೇಲೆ ಸರದಿ ಬಂದರೂ ಮೈ ತಡೆಯುವುದಿಲ್ಲ. ಒಂದು ಮಾತು ಮಾತ್ರ ಎಂದೂ ಮರೆಯಬೇಡಿ. ಕಾಲಿನಲ್ಲಿ ಶಕ್ತಿ ಕಡಿಮೆಯಾದರೆ, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಅದು ಬೆನ್ನುಹುರಿಗೆ ಒತ್ತು ಬಿದ್ದಿರುವ ಲಕ್ಷಣ ಇರಬಹುದು. ಸೋಮವಾರಕ್ಕೆ ಕಾಯಬೇಡಿ. ಅದೇ ರಾತ್ರಿ ಎಮರ್ಜೆನ್ಸಿಗೆ ಹೋಗಿ.

ಸರದಿಯ ನ್ಯಾಯದ ಬಗ್ಗೆ ಹಲವರು ಕೇಳಿದ್ದೀರಿ. ಶುರುವಾದವರಿಗೆ ಮೊದಲು ಅನ್ನುವುದು ಸರಿಯಾ? ನನ್ನ ಮಟ್ಟಿಗೆ ಸರಿ. ಕೆಲಸ ಮಾಡುತ್ತಿರುವ ಚಿಕಿತ್ಸೆಯನ್ನು ನಡುವೆ ಕೈಬಿಡುವುದು ಕ್ರೂರ. ಆದರೆ ಹೊಸಬರ ಪಟ್ಟಿಯಲ್ಲಿ ಯಾರು ಮೊದಲು? ಅಲ್ಲಿ ನಿಯಮ ಬರೆದಿರಬೇಕು, ಕೇಳಿದವರಿಗೆ ತೋರಿಸಬೇಕು. ಇಂಗ್ಲಿಷ್ ಚೆನ್ನಾಗಿ ಬರುವವರು, ದಿನಕ್ಕೆ ನಾಲ್ಕು ಸಲ ಫೋನ್ ಮಾಡುವವರು, ಪರಿಚಯದವರು ಇದ್ದವರು ಮುಂದೆ ಹೋಗುವುದನ್ನು ನಾನು ಕಂಡಿದ್ದೇನೆ. ನಮ್ಮ ಪಟ್ಟಿಯಲ್ಲಿ ಒಬ್ಬ ನಿವೃತ್ತ ಶಾಲಾ ಬಸ್ ಡ್ರೈವರ್ ಇದ್ದರು. ಒಂದು ಸಲವೂ ಫೋನ್ ಮಾಡಲಿಲ್ಲ. ನಾನು ಕರೆ ಮಾಡಿದಾಗ ಎತ್ತಿದ್ದು ಅವರ ಮಗ. ಅವರು ಹೋಗಿ ಎಂಟು ದಿನವಾಗಿತ್ತು. ಅಂದಿನಿಂದ ಎರಡು ವಾರಕ್ಕೊಮ್ಮೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ನಾವೇ ಫೋನ್ ಮಾಡುವ ಪದ್ಧತಿ ತಂದೆವು. ಹೇಳಲು ಸುದ್ದಿ ಇಲ್ಲದಿದ್ದರೂ ಮಾಡುತ್ತೇವೆ.

"ಬೆಂಗಳೂರಿಗೆ ಕರೆದುಕೊಂಡು ಹೋಗಲಾ?" ಇದೂ ಆಗಾಗ ಬರುವ ಪ್ರಶ್ನೆ. ಭಾರತದ ದಾರಿ ಬೇರೆ. ಮುಂಬೈಯ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಲ್ಲಿ ಲುಟೀಶಿಯಂ ತಯಾರಾಗುತ್ತದೆ, ಹೊರಗಿನಿಂದಲೂ ಬರುತ್ತದೆ. ಅದನ್ನು ಪಿಎಸ್‌ಎಂಎ ಅಣುವಿಗೆ ಕಟ್ಟುವ ಕೆಲಸವನ್ನು ಎಷ್ಟೋ ಆಸ್ಪತ್ರೆಗಳು ತಮ್ಮ ಲ್ಯಾಬಿನಲ್ಲೇ ಮಾಡುತ್ತವೆ. ಅಮೆರಿಕದಲ್ಲಿ ಒಪ್ಪಿಗೆ ಸಿಗುವುದಕ್ಕೆ ವರ್ಷಗಳ ಮೊದಲೇ ದೆಹಲಿಯ ಏಮ್ಸ್‌ನಲ್ಲಿ ಈ ಚಿಕಿತ್ಸೆ ನಡೆಯುತ್ತಿತ್ತು. ಹೋಗುವುದು ತಪ್ಪಲ್ಲ. ಆದರೆ ಸವೆದ ಬೆನ್ನುಮೂಳೆಯವರು ಇಷ್ಟು ದೂರದ ವಿಮಾನದಲ್ಲಿ ಕೂರಬಲ್ಲರಾ? ಆರು ವಾರಕ್ಕೊಮ್ಮೆ ಹೋಗಿ ಬರುವುದಾ, ಅಲ್ಲೇ ಉಳಿಯುವುದಾ? ನಡುವೆ ರಕ್ತ ಕಡಿಮೆಯಾದರೆ ಯಾರು ನೋಡುತ್ತಾರೆ? ಡೋಸ್ ಆದ ಮೇಲೆ ಕೆಲವು ವಾರ ಏರ್‌ಪೋರ್ಟಿನ ವಿಕಿರಣ ಪತ್ತೆ ಯಂತ್ರ ಕೂಗಬಹುದು. ಆಸ್ಪತ್ರೆಯ ಪತ್ರ ಜೇಬಿನಲ್ಲಿರಬೇಕು. ಮನೆಯಲ್ಲಿ ಮೊಮ್ಮಕ್ಕಳು, ಬಸುರಿ ಸೊಸೆ ಇದ್ದರೆ ದೂರ ಇರಬೇಕಾದ ದಿನಗಳ ಲೆಕ್ಕವೂ ಇದೆ. ಪ್ಲುವಿಕ್ಟೋ ಜೊತೆಗೆ ಬರುವ ಸೂಚನೆಯ ಪ್ರಕಾರ ಮಕ್ಕಳ ಮತ್ತು ಬಸುರಿಯರ ಹತ್ತಿರ ಏಳು ದಿನ ಹೋಗಬಾರದು. ಬಸುರಿಯರಿಂದ ಹದಿನೈದು ದಿನ ಬೇರೆ ಕೋಣೆಯಲ್ಲಿ ಮಲಗಬೇಕು.

2025ರ ಮಾರ್ಚಿನಲ್ಲಿ ಎಫ್‌ಡಿಎ ಈ ಔಷಧಿಯನ್ನು ಕೀಮೋಗೆ ಮೊದಲೇ ಕೊಡಲೂ ಒಪ್ಪಿತು. ಕೇಳುವವರು ಬಹಳ ಹೆಚ್ಚುತ್ತಾರೆ. ಘಟಕಗಳೂ ಹೆಚ್ಚಿವೆ, ನಿಜ. ಆದರೂ ಬಾಡುವ ಔಷಧಿ ಬಾಡುವುದನ್ನು ಬಿಡುವುದಿಲ್ಲ. ಒಂದು ರಿಯಾಕ್ಟರ್ ನಿಂತರೆ, ಒಂದು ಬ್ಯಾಚ್ ಪರೀಕ್ಷೆಯಲ್ಲಿ ಬಿದ್ದರೆ, ಹಿಮ ಸುರಿದು ವಿಮಾನ ಹಾರದಿದ್ದರೆ, ಯಾರದೋ ದಿನ ಮುಂದೆ ಹೋಗುತ್ತದೆ. ಅದಕ್ಕೇ ಇದನ್ನೆಲ್ಲ ಈಗಲೂ ಹೇಳುತ್ತಿದ್ದೇನೆ.

ಮಾಮನ ಕಥೆ ಅರ್ಧಕ್ಕೆ ಬಿಟ್ಟೆ. ಕೊನೆಗೆ ಡಾಕ್ಟರ್ ಎದುರು ಕೂತು ಹೇಳಿದರು, "ಯಾವಾಗ ಬರುತ್ತದೋ ನನಗೆ ಗೊತ್ತಿಲ್ಲ." ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಕೀಮೋ ಕೊಡಿ" ಅಂದರು. ಬೆನ್ನಿಗೆ ರೇಡಿಯೇಷನ್ ಆಯಿತು, ನೋವು ತಗ್ಗಿತು. ಜುಲೈಯಲ್ಲಿ ಸರದಿ ಬಂತು. ಆ ಸೋಮವಾರ ಫೋನ್ ಮಾಡಿದ್ದು ನಾನು. ಅತ್ತೆ ಏನೂ ಮಾತಾಡಲಿಲ್ಲ. ಫೋನನ್ನು ಮಾಮನ ಕೈಗೆ ಕೊಟ್ಟರು.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ನಾನು ಆ ಕಿಟಕಿಯ ಹತ್ತಿರದ ಮೇಜಿನಲ್ಲಿ ಕೂತಿರುತ್ತೇನೆ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಕನ್ನಡದಲ್ಲಿ ಬರೆದುಕೊಳ್ಳಲು ಕಾಗದ, ಪೆನ್ನು ಇಟ್ಟಿದ್ದೇನೆ. ಬನ್ನಿ.