ತುಂಗಭದ್ರೆ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಬುದ್ಧನ ದಾರಿ ಹಿಡಿದ ದೊರೆಯ ಮಾತು ನಮ್ಮ ಬಂಡೆಗಳಿಗೆ ಎರಡು ಸಾವಿರ ವರ್ಷಕ್ಕೂ ಹಳೆಯದು. ಆದರೂ ಬೌದ್ಧರ ‘ಶೂನ್ಯತೆ’ಯ ವಿಷಯ ಎತ್ತಿದರೆ, "ಏನೂ ಇಲ್ಲ ಎನ್ನುವವರ ಮತವಲ್ಲವೇ ಅದು?" ಎನ್ನುವವರೇ ಹೆಚ್ಚು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಹೊಳೆಯನ್ನೇ ನೋಡೋಣ. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರುವ ತನಕ ತುಂಗಭದ್ರೆ ಎಂಬುದಿಲ್ಲ. ಕೃಷ್ಣೆಯನ್ನು ಸೇರಿದ ಮೇಲೆ ಆ ಹೆಸರೂ ಉಳಿಯುವುದಿಲ್ಲ. ಮುನಿರಾಬಾದಿನಲ್ಲಿ ಬೊಗಸೆಯೊಡ್ಡಿ ಹಿಡಿದ ನೀರು ತುಂಗೆಯದೋ, ಭದ್ರೆಯದೋ, ದಾರಿಯಲ್ಲಿ ಕೂಡಿಕೊಂಡ ವರದೆಯದೋ, ಮೊನ್ನೆ ಸುರಿದ ಮಳೆಯದೋ? ಇದೇ ತುಂಗಭದ್ರೆ ಎಂದು ಬೆರಳಿಟ್ಟು ತೋರಿಸಲು ಬೇರೆ ಏನೂ ಸಿಗುವುದಿಲ್ಲ. ಹಾಗೆಂದು ಹೊಳೆ ಇಲ್ಲವೇ? ಗಂಗಾವತಿಯ ಗದ್ದೆಗಳು ಹಸಿರಾಗಿರುವುದು ಅದರಿಂದಲೇ.

ಸುಮಾರು 2ನೇ ಶತಮಾನದ ಬೌದ್ಧ ದಾರ್ಶನಿಕ ನಾಗಾರ್ಜುನ ಹೇಳಿದ್ದು ಇದನ್ನೇ. ವಸ್ತುಗಳು ಇಲ್ಲವೆಂದು ಅವನು ಹೇಳಲಿಲ್ಲ. ಅವುಗಳಿಗೆ ಸ್ವಭಾವವಿಲ್ಲ ಎಂದ. ಗುಣ ಎಂಬ ಅರ್ಥದಲ್ಲಿ ನಾವು ಬಳಸುವ ಸ್ವಭಾವವಲ್ಲ ಇದು. ಬೇರೆ ಯಾವುದರ ಹಂಗೂ ಇಲ್ಲದೆ ತಾನೇ ತಾನಾಗಿ ಇರುವುದಕ್ಕೆ ಅವನಿಟ್ಟ ಹೆಸರು ಸ್ವಭಾವ. ಅಂಥದ್ದು ಯಾವುದಕ್ಕೂ ಇಲ್ಲ. ಒಂದನ್ನು ಆತುಕೊಂಡು ಇನ್ನೊಂದು ಹುಟ್ಟುತ್ತದೆ. ಆ ಹುಟ್ಟನ್ನೇ ಶೂನ್ಯತೆ ಎನ್ನುತ್ತೇವೆ ಎಂದು ಅವನ ‘ಮೂಲಮಧ್ಯಮಕಕಾರಿಕೆ’ ಹೇಳುತ್ತದೆ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯೇ? ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮುಟ್ಟಿದರೆ ಬೆಟ್ಟದಂತಿರುವ ಅಣೆಕಟ್ಟೆ. ನಾಲ್ಕು ಜಿಲ್ಲೆಗಳ ರೈತರ ಬೆಳೆ ಮಾತ್ರ ಆ ರಾತ್ರಿ ಒಂದು ಸರಪಳಿಗೆ ಜೋತುಬಿದ್ದಿತ್ತು. ಬೆಳೆಯ ‘ಇರುವಿಕೆ’ ಬೆಳೆಯೊಳಗೆ ಮಾತ್ರ ಇಲ್ಲ ಎಂಬುದು ನನಗೆ ಅಂದು ಗ್ರಂಥಕ್ಕಿಂತ ಚೆನ್ನಾಗಿ ಅರ್ಥವಾಯಿತು.

ಸತ್ಯವನ್ನು ಕಾಣುವ ಬಗೆ ಎರಡು ಎನ್ನುತ್ತಾನೆ ನಾಗಾರ್ಜುನ. ಹೊಳೆ, ಗದ್ದೆ, ನಾನು, ನೀವು ಎಂದು ಬಾಳುವ ವ್ಯವಹಾರದ ಸತ್ಯ ಒಂದು. ಇವು ಯಾವುವೂ ಸ್ವತಂತ್ರವಲ್ಲ ಎಂದು ಅರಿಯುವ ಪರಮಾರ್ಥ ಇನ್ನೊಂದು. ಮೊದಲನೆಯದನ್ನು ಆಸರೆಯಾಗಿ ಹಿಡಿಯದೆ ಎರಡನೆಯದನ್ನು ಹೇಳಿಕೊಡಲು ಬರುವುದಿಲ್ಲ. ಶೂನ್ಯತೆಯನ್ನು ತಪ್ಪಾಗಿ ಗ್ರಹಿಸಿದರೆ ತಪ್ಪಾಗಿ ಹಿಡಿದ ಹಾವಿನಂತೆ ಕೇಡು ಎಂದೂ ಎಚ್ಚರಿಸಿದ್ದಾನೆ. ಹೊಲದಲ್ಲಿ ಹಾವು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರಟಗಿಯ ಹತ್ತಿರ ಕಾಲುವೆಯ ದಂಡೆಯಲ್ಲಿ ಇಷ್ಟನ್ನೂ ಹಿರಿಯ ರೈತರೊಬ್ಬರಿಗೆ ಹೇಳಿದೆ. ಅವರು ತುಸು ಯೋಚಿಸಿ, "ಹಾಗಾದರೆ ಗುರುಗಳೇ, ಆ ಶೂನ್ಯತೆಯಾದರೂ ತನ್ನ ಕಾಲ ಮೇಲೆ ನಿಂತಿದೆಯೇ?" ಎಂದರು. ಬೆರಗಾದೆ. ಇಲ್ಲ, ಅದೂ ಆತುಕೊಂಡಿದ್ದೇ. ಅದನ್ನೇ ಸಿದ್ಧಾಂತವಾಗಿ ಬಿಗಿಹಿಡಿದವರಿಗೆ ಮದ್ದಿಲ್ಲ ಎಂದಿದ್ದಾನೆ ನಾಗಾರ್ಜುನ, ಎಂದೆ. ಅವರು ತಲೆಯಾಡಿಸಿ, ಸಲಿಕೆ ಹೆಗಲಿಗೇರಿಸಿ ಬದುವಿನ ಮೇಲೆ ನಡೆದರು. ನೀರಿನ ಪಾಳಿ ಅವರದಾಗಿತ್ತು.