ಬೆನ್ನುಹುರಿ ಪೆಟ್ಟಾದವ್ರಿಗೆ ಫಿಸಿಯೋ ಹುಡುಕೋದು ಹೇಗೆ?

ಎಲ್ರಿಗೂ ನಮಸ್ಕಾರ. ನಮ್ಮ ಮಂಗ್ಳೂರು ಉಡುಪಿ ಕಡೆ ಅಡಿಕೆ ಮರದಿಂದ ಬಿದ್ದು, ಬೈಕ್ ಸ್ಕಿಡ್ ಆಗಿ ಬೆನ್ನುಹುರಿಗೆ ಪೆಟ್ಟು ಮಾಡ್ಕೊಂಡವ್ರು ಸುಮಾರು ಜನ ಇದ್ದಾರೆ. ಆಪರೇಷನ್ ಆಗ್ತದೆ, ಡಿಸ್ಚಾರ್ಜ್ ಮಾಡುವಾಗ "ಇನ್ನು ಫಿಸಿಯೋ ಮಾಡಿಸಿ" ಅಂತಾರೆ, ಮನೆಯವ್ರಿಗೆ ಯಾರನ್ನ ಕರೀಬೇಕು ಗೊತ್ತಾಗಲ್ಲ, ಕೊನೆಗೆ ಆಚೆ ಮನೆ ಅಜ್ಜಿಯ ಮಂಡಿನೋವಿಗೆ ಬರ್ತಿದ್ದವ್ರನ್ನೇ ಕರೆಸ್ತಾರೆ. ಅವ್ರು ಸರಿ ಇಲ್ಲ ಅಂತಲ್ಲ, ಆದ್ರೆ ಮಂಡಿನೋವು ಬೇರೆ, ಇದೇ ಬೇರೆ ಮಾರಾಯ್ರೆ.

ಡಿಗ್ರಿ ಬಿಪಿಟಿ, ಅಂದ್ರೆ ಫಿಸಿಯೋಥೆರಪಿ ಪದವಿ, ಆಗಿರ್ಲೇಬೇಕು, ಎಂಪಿಟಿ ನ್ಯೂರೋ, ಅಂದ್ರೆ ನರಗಳ ತೊಂದರೆಯ ಫಿಸಿಯೋದಲ್ಲಿ ಸ್ನಾತಕೋತ್ತರ ಪದವಿ, ಆದ್ರೆ ಇನ್ನೂ ಒಳ್ಳೇದು. ಆದ್ರೆ ಈಗ ಬೆನ್ನುಹುರಿ ಪೇಶೆಂಟ್ ಯಾರನ್ನಾದ್ರೂ ನೋಡ್ತಿದ್ದೀರಾ ಅಂತ ಕೇಳಿ, ಅದು ಮುಖ್ಯ.

ಮೊದ್ಲ ದಿನ ಅವ್ರು ಏನು ಕೇಳ್ತಾರೆ ಅಂತ ಗಮನಿಸಿ. ಕೆಲಸ ಗೊತ್ತಿರೋರು ಕಾಲು ಮುಟ್ಟೋ ಮೊದ್ಲೇ ಪೆಟ್ಟು ಯಾವ ಲೆವೆಲ್ ಅಂದ್ರೆ ಬೆನ್ನುಹುರಿಯ ಯಾವ ಜಾಗದಲ್ಲಿ, ಪೆಟ್ಟು ಎಷ್ಟು ಗಂಭೀರ ಅಂತ ಅಳೆಯೋ ಏಷಿಯಾ ಸ್ಕೇಲ್‌ನಲ್ಲಿ ಎ ಇಂದ ಇ ವರೆಗೆ ಯಾವ ಗ್ರೇಡ್, ಮೂತ್ರ ಹೇಗೆ ಹೋಗ್ತದೆ, ಸೊಂಟದ ಹಿಂದೆ ಚರ್ಮ ಕೆಂಪಾಗಿದ್ಯಾ ಅಂತೆಲ್ಲ ಕೇಳ್ತಾರೆ. ಪೆಟ್ಟು ಟಿ6 (ಎದೆ ಭಾಗದ ಬೆನ್ನುಹುರಿಯ ಆರನೇ ಲೆವೆಲ್) ಅಥವಾ ಅದಕ್ಕಿಂತ ಮೇಲೆ ಇದ್ರೆ ನೀವೂ ಒಂದು ಪ್ರಶ್ನೆ ಹಾಕಿ: ಸಡನ್ ಆಗಿ ತಲೆ ಸಿಡಿದು, ಬೆವತು, ಬಿಪಿ ಏರಿದ್ರೆ ಏನ್ಮಾಡ್ತೀರಿ? ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲ ಮಾಡಿ, ಕ್ಯಾಥೆಟರ್ (ಮೂತ್ರದ ಪೈಪ್) ಮಡಚಿ ಮೂತ್ರ ಕಟ್ಟಿದ್ಯಾ ನೋಡ್ತೇವೆ, ಇಳೀದಿದ್ರೆ ತಕ್ಷಣ ಆಸ್ಪತ್ರೆ ಅನ್ಬೇಕು. ಮಲಗಿಸ್ತೇವೆ ಅಂದ್ರೆ ಬೇಡ.

[ಕ್ಯಾಮೆರಾ ಕೈ ಹತ್ರ]

ಈಗ ನನ್ನ ಕೈ ನೋಡಿ. ಸಿ6, ಅಂದ್ರೆ ಕುತ್ತಿಗೆ ಭಾಗದ ಆರನೇ ಲೆವೆಲ್ ಪೆಟ್ಟಿನವ್ರಿಗೆ ಮಣಿಕಟ್ಟು ಎತ್ಲಿಕ್ಕೆ ಆಗ್ತದೆ, ಬೆರಳು ಆಡಿಸ್ಲಿಕ್ಕೆ ಆಗಲ್ಲ. ಆದ್ರೆ ಮಣಿಕಟ್ಟು ಹೀಗೆ ಮೇಲೆತ್ತಿದ್ರೆ ಬೆರಳು ತನ್ನಷ್ಟಕ್ಕೇ ಮಡಚ್ತದೆ, ಹೆಬ್ಬೆರಳು ತೋರುಬೆರಳಿಗೆ ತಾಗ್ತದೆ, ಆ ಹಿಡಿತದಲ್ಲೇ ಚಮಚ ಹಿಡೀತಾರೆ, ಮೊಬೈಲ್ ಎತ್ತುತ್ತಾರೆ. ಗೊತ್ತಿಲ್ದವ್ರು "ಬೆರಳು ಬಿಗಿ ಆಗಿದೆ" ಅಂತ ಮಣಿಕಟ್ಟನ್ನೂ ಬೆರಳನ್ನೂ ಒಟ್ಟಿಗೆ ಹಿಂದಕ್ಕೆ ಎಳೆದು ಎಳೆದು ಆ ಹಿಡಿತವನ್ನೇ ಹಾಳು ಮಾಡ್ತಾರೆ. ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಗೆ ಬಾಗಿರ್ಬೇಕು, ಇದನ್ನ ಅವ್ರು ಹೇಗೆ ಮಾಡ್ತಾರೆ ಅಂತ ಪಕ್ಕದಲ್ಲೇ ನಿಂತು ನೋಡಿ.

ಇನ್ನು "ಮೂರೇ ತಿಂಗ್ಳಲ್ಲಿ ನಡೆಸ್ತೇನೆ, ಪ್ಯಾಕೇಜ್ ಇಷ್ಟು" ಅನ್ನೋರು ಉಂಟಲ್ಲ, ಅವ್ರಿಗೆ ಬಾಗಿಲಲ್ಲೇ ಕೈಮುಗೀರಿ. ಒಳ್ಳೆಯವ್ರು ಮಂಚದಿಂದ ವೀಲ್‌ಚೇರ್‌ಗೆ ಶಿಫ್ಟ್ ಆಗೋದು ಮೊದ್ಲು ಕಲಿಯುವ ಅಂತಾರೆ. ಸ್ಪರ್ಶ ಇಲ್ದ ಕಾಲಿಗೆ ಬಿಸಿನೀರ ಬ್ಯಾಗ್ ಇಡೋರನ್ನಂತೂ ಹತ್ರ ಸೇರಿಸ್ಬೇಡಿ, ಚರ್ಮ ಸುಟ್ರೂ ಪೇಶೆಂಟ್‌ಗೆ ಗೊತ್ತಾಗಲ್ಲ.

ಹುಡುಕೋದು ಎಲ್ಲಿ ಅಂದ್ರೆ, ಮಂಗ್ಳೂರು, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಫಿಸಿಯೋ ವಿಭಾಗದಲ್ಲಿ ನ್ಯೂರೋ ಯಾರು ನೋಡ್ತಾರೆ ಕೇಳಿ. ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ಸೇವಾಧಾಮ ಅಂತ ಉಂಟು, ಬೆನ್ನುಹುರಿ ಪೆಟ್ಟಾದವ್ರಿಗೇ ಇರೋ ಪುನಶ್ಚೇತನ ಕೇಂದ್ರ. ಮನೆಗೆ ಬರೋರಾದ್ರೆ, ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸೋದು ಹೇಗೆ ಅಂತ ನಿಮ್ಗೆ ಕಲಿಸ್ಲಿ, ನೀವು ಮಾಡಿ ತೋರಿಸಿ, ತಪ್ಪಿದ್ರೆ ಅಲ್ಲೇ ತಿದ್ದಲಿ.