ಕುಣಿಯುವ ಉಪ್ಪರಿಗೆ

ಕೇಳುಗರೇ, ನಮಸ್ಕಾರ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಹಳೇ ಮನೆಗಳಲ್ಲಿ ಮರದ ಉಪ್ಪರಿಗೆ ಇನ್ನೂ ಉಳಿದಿದೆ. ಮೇಲೆ ಯಾರಾದರೂ ಓಡಾಡಿದರೆ ಸಾಕು, ಕೆಳಗೆ ಕಪಾಟಿನ ಲೋಟ ಗಲಗಲ ಅನ್ನುತ್ತದೆ. ಸುಮಾರು ಜನ ಆಗ ಮೇಲೆ ಇನ್ನೊಂದು ಪದರ ಹಲಗೆ ಹೊಡೆಸುತ್ತಾರೆ. ಭಾರ ಜಾಸ್ತಿಯಾಗುತ್ತದೆ, ಕುಣಿತ ಮಾತ್ರ ಅಷ್ಟೇನೂ ಕಡಿಮೆಯಾಗುವುದಿಲ್ಲ. ನೋಡಬೇಕಾದ್ದು ಹಲಗೆ ಹೊತ್ತ ಜಂತೆಗಳನ್ನು.

ಮೊದಲು ಜಂತೆಯ ತುದಿ ನೋಡಿ. ಗೋಡೆಯೊಳಗೆ ಹೊಕ್ಕ ಕಡೆ ಮಳೆಗಾಲದ ಥಂಡಿ ಕೂತು ಮರ ಕುಂಬಾಗಿರಬಹುದು, ಒರಲೆ ಹಿಡಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಸಲೀಸಾಗಿ ಒಳಗೆ ಹೋಯಿತೋ, ಮೊದಲು ಆ ಜಂತೆಯ ರಿಪೇರಿ. ಉಳಿದದ್ದೆಲ್ಲ ಆಮೇಲೆ.

ತುದಿ ಗಟ್ಟಿ ಇದ್ದೂ ಕುಣಿಯುತ್ತದೆ ಅಂದರೆ ಜಂತೆಗಳು ಒಂಟೊಂಟಿಯಾಗಿವೆ. ಕಾಲಿಟ್ಟ ಕಡೆಯದ್ದು ಬಾಗುತ್ತದೆ, ಪಕ್ಕದ್ದು ಸುಮ್ನೆ ಇರುತ್ತದೆ. ಅವೆರಡರ ನಡುವೆ ಜಂತೆಯಷ್ಟೇ ಎತ್ತರದ ಮರದ ತುಂಡನ್ನು ಅಡ್ಡಕ್ಕೆ ಕೂರಿಸಿ, ಸ್ಕ್ರೂ ಹಾಕಿ. ಜಂತೆಗಳ ಉದ್ದದ ನಟ್ಟನಡುವೆ, ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಸಾಲು. ಆಗ ಒಂದರ ಭಾರಕ್ಕೆ ಅಕ್ಕಪಕ್ಕದವೂ ಹೆಗಲು ಕೊಡುತ್ತವೆ. ಸಾಲಿನ ಅಡಿಗೆ ಉದ್ದಕ್ಕೂ ಒಂದು ಪಟ್ಟಿ ಬಿಗಿದರೆ ಇನ್ನೂ ಒಳ್ಳೆಯದು. ತುಂಡು ಸುತ್ತಿಗೆಯಲ್ಲಿ ಬಡಿದು ಕೂರಿಸುವಷ್ಟು ಬಿಗಿ ಇರಬೇಕು. ಹಸಿ ಮರವಂತೂ ಬೇಡವೇ ಬೇಡ. ಮಳೆಗಾಲದಲ್ಲಿ ಬಿಗಿಯಾಗಿದ್ದದ್ದು ಬೇಸಿಗೆಗೆ ಒಣಗಿ ಕುಗ್ಗಿ, ಕಿರ್ ಕಿರ್ ಶುರುಮಾಡುತ್ತದೆ.

ಅಡ್ಡತುಂಡು ಭಾರ ಹಂಚುತ್ತದೆ, ಅಷ್ಟೇ. ಸಣಕಲು ಜಂತೆಗೆ ಅದು ಮದ್ದಲ್ಲ. ಜಂತೆಯ ಅಗಲ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಅದರ ಬಿಗಿ 2 ಪಟ್ಟಾಗುತ್ತದೆ. ಎತ್ತರ ಎರಡು ಪಟ್ಟಾದರೆ 8 ಪಟ್ಟು! ಆಚಾರಿಗಳು ಜಂತೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸುವುದು ಇದಕ್ಕೇ. ಕೆಳಗೆ ಜಾಗ ಇದೆ ಅಂದರೆ ನನ್ನ ಓಟು ತೊಲೆಗೆ. ಜಂತೆಗಳ ನಡುಭಾಗಕ್ಕೆ ಒಂದು ತೊಲೆ ಕೊಟ್ಟು, ಅದರ ಎರಡೂ ತುದಿಗೆ ಕಂಬ ನಿಲ್ಲಿಸಿ. ಆಧಾರದಿಂದ ಆಧಾರಕ್ಕೆ ಇದ್ದ ದೂರ ಅರ್ಧವಾದರೆ, ನಡುವೆ ನಿಂತವರ ಭಾರಕ್ಕೆ ಬಾಗುವುದು ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಕಂಬದಡಿ ಗಟ್ಟಿ ನೆಲ ಸಿಗುವವರೆಗೆ ಅಗೆದು ಕಲ್ಲು ಕೂರಿಸಿ. ರೆಡ್ ಆಕ್ಸೈಡ್ ನೆಲದ ಮೇಲೇ ನಿಲ್ಲಿಸಿದರೆ ನೆಲ ಬಿರಿಯುತ್ತದೆ, ಅಲ್ವಾ?

ಕೆಲಸಕ್ಕೆ ಮೊದಲು ಮೇಲಿನ ಅಡಿಕೆ ಮೂಟೆ ಇಳಿಸಿಬಿಡಿ. ಭಾರಕ್ಕೆ ಬಾಗಿದ ಜಂತೆಗೆ ಹಾಗೇ ತುಂಡು ಜಡಿಯುವುದು ಸರಿಯಲ್ಲ. ಮತ್ತೆ, ವೈರಿಂಗ್‌ನವರು ಬಂದಾಗ ಪಕ್ಕದಲ್ಲೇ ನಿಂತಿರಿ. ಅವರು ಜಂತೆಯ ಅಡಿ ಅಂಚಿಗೆ ಕಚ್ಚು ಹಾಕಬಾರದು. ತೂತು ಬೇಕೇ ಬೇಕಾದರೆ ಸಣ್ಣದಾಗಿ, ಜಂತೆಯ ಎತ್ತರದ ಮಧ್ಯದಲ್ಲಿ ಕೊರೆಯಲಿ. ನಮಸ್ಕಾರ.